ರಸ್ತೆ ಬದಿಯ ಖಾಲಿ ಸಾಲು

ಸಿಟ್ಟು ನನಗೆ ಹುಟ್ಟಿನಿಂದಲೇ ಬಂದದ್ದು. ಲಿಂಗಸುಗೂರಿನಲ್ಲಿ ಅಪ್ಪನ ಬಟ್ಟೆ ಅಂಗಡಿ, ಅದರ ಹಿಂದೆಯೇ ನಮ್ಮ ಮನೆ. ಗಿರಾಕಿಯೊಬ್ಬರು ಹತ್ತು ಸೀರೆ ಬಿಚ್ಚಿಸಿ, ಒಂದನ್ನೂ ಕೊಳ್ಳದೆ ಎದ್ದು ಹೋದರೆ ಅಪ್ಪ ನಗುತ್ತ ಮಡಚಿ ಇಡುತ್ತಿದ್ದರು. ಒಳಗೆ ಬಾಗಿಲ ಮರೆಯಲ್ಲಿ ನಿಂತು ಬಯ್ಯುತ್ತಿದ್ದವಳು ನಾನು. "ಇಕಿನ್ನ ಕಟ್ಟಿಕೊಳ್ಳಾಂವ ಯಾವ ಜನ್ಮದಾಗ ಏನು ಪಾಪ ಮಾಡ್ಯಾನೋ" ಎಂದು ಅವ್ವ ಹಣೆ ಚಚ್ಚಿಕೊಳ್ಳುತ್ತಿದ್ದಳು. ಆ ಪಾಪಿ ಮಸ್ಕಿಯ ಹತ್ತಿರದ ಒಂದು ಹಳ್ಳಿಯಲ್ಲಿ ಸಿಕ್ಕ. ರಜಾಕಾರರ ಗದ್ದಲದಿಂದಾಗಿ ಒಂದು ವರ್ಷ ಮುಂದಕ್ಕೆ ಹೋಗಿದ್ದ ಮದುವೆ, ನಿಜಾಮನ ಆಳ್ವಿಕೆ ಮುಗಿದ ಮರುವರ್ಷದ ಬೇಸಿಗೆಯಲ್ಲಿ ನಡೆಯಿತು. ನನಗಾಗ ಹತ್ತೊಂಬತ್ತು. ಆ ಕಾಲಕ್ಕೆ ಅದು ತಡವೇ.

ಗಂಡನ ಮನೆಯಲ್ಲಿ ಎಲ್ಲರದೂ ಒಕ್ಕಲುತನ. ನನಗೋ ಹೊಲವೆಂದರೆ ರಸ್ತೆಯಿಂದ ಕಾಣುವ ವಸ್ತು. ಮಾವ, ಅತ್ತೆ, ಗಂಡ, ಜೊತೆಗೆ ಮಾವನ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೇ ಬಂದು ನೆಲೆಸಿದ್ದ ಅವರನ್ನು ಮನೆಯವರೆಲ್ಲ ದೊಡ್ಡವ್ವ ಎನ್ನುತ್ತಿದ್ದರು. ಬಾಯಿ ಬಲು ಹರಿತ. ಹಲ್ಲಿ ಲೊಚಗುಟ್ಟಿದರೂ ಅದಕ್ಕೊಂದು ಅರ್ಥ ಹೇಳುವವರು. ಅತ್ತೆಯದು ಅದಕ್ಕೆ ತದ್ವಿರುದ್ಧ. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮುಗಿಸಿ ಕೆಲಸಕ್ಕೆ ನಿಂತರೆ ಮಧ್ಯಾಹ್ನದವರೆಗೆ ನಾಲ್ಕು ಮಾತು ಆಡಿದರೆ ಹೆಚ್ಚು. ಮಾತಾಡದವರನ್ನು ಕಂಡರೆ ನನಗೆ ಇನ್ನೂ ಸಿಟ್ಟು ಬರುತ್ತಿತ್ತು. ಬಯ್ದರೆ ತಿರುಗಿ ಬಯ್ಯಬಹುದು, ಸುಮ್ಮನಿದ್ದವರನ್ನು ಏನು ಮಾಡುವುದು?

ಆದರೆ ಊರಿನಲ್ಲಿ ಅತ್ತೆಯ ಕೈಗೆ ದೊಡ್ಡ ಹೆಸರಿತ್ತು. ಅದು ಯಾಕೆಂದು ತಿಳಿಯಬೇಕಾದರೆ ಕೂರಿಗೆಯ ಬಗ್ಗೆ ಸ್ವಲ್ಪ ಹೇಳಬೇಕು. ಎತ್ತು ಕಟ್ಟಿ ಬಿತ್ತುವ ಮರದ ಸಾಧನ ಅದು. ಕೆಳಗೆ ನೆಲ ಸೀಳುವ ಮೂರು ತಾಳು, ಒಂದೊಂದು ತಾಳಿಗೂ ಒಂದೊಂದು ಬಿದಿರಿನ ಕೊಳವೆ, ಮೂರೂ ಕೊಳವೆಗಳ ತಲೆ ಸೇರುವಲ್ಲಿ ಮೂರು ತೂತಿನ ಮರದ ಬಟ್ಟಲು. ಗಂಡಸು ಎತ್ತು ಹೊಡೆಯುತ್ತಾನೆ. ಹೆಂಗಸು ಉಡಿಯಲ್ಲಿ ಕಾಳು ಕಟ್ಟಿಕೊಂಡು ಪಕ್ಕದಲ್ಲಿ ನಡೆಯುತ್ತ, ಮುಷ್ಟಿಯಿಂದ ಬಟ್ಟಲಿಗೆ ಕಾಳು ಬಿಡುತ್ತಾಳೆ. ಜಾಸ್ತಿ ಬಿಟ್ಟರೆ ಸಸಿ ಒತ್ತಾಗುತ್ತದೆ, ಕಡಿಮೆ ಬಿಟ್ಟರೆ ನೆಲ ಬತ್ತಲೆ ಕಾಣುತ್ತದೆ. ಎಂಟು ದಿನ ಕಳೆದರೆ ಸಾಕು, ಬಿಟ್ಟವಳ ಕೈ ಎಂಥದ್ದೆಂದು ಇಡೀ ಹೊಲ ಊರಿಗೆ ಹೇಳುತ್ತದೆ. ನಾಲ್ಕು ತಿಂಗಳು ಹೇಳುತ್ತಲೇ ಇರುತ್ತದೆ.

ನಮ್ಮ ಅತ್ತೆ ಬಿಟ್ಟ ಹೊಲ ಬಾಚಿದ ತಲೆಯಂತಿರುತ್ತಿತ್ತು. ಹಿಂಗಾರಿಗೆ ಉತ್ತರಿ ಮಳೆ ಬಿದ್ದು ಎರಿಭೂಮಿಯ ಕಪ್ಪು ಮಣ್ಣು ಹದಕ್ಕೆ ಬಂತೆಂದರೆ ಊರವರು ವೀಳ್ಯದೆಲೆ ಹಿಡಿದು ಮನೆಗೆ ಬರುತ್ತಿದ್ದರು. "ಮೊದಲ ಮುಷ್ಟಿ ನಿಮ್ಮ ಕೈಲೆ ಬೀಳ್ಲಿ ಬರ್ರಿ ಯವ್ವಾ" ಎನ್ನುವರು. ಅತ್ತೆ ಒಗೆದ ಸೀರೆ ಉಟ್ಟು ಹೋಗಿ, ಅವರ ಹೊಲದಲ್ಲಿ ಒಂದು ಸಾಲು ಬಿಟ್ಟು ಬರುವರು. ಅದಕ್ಕೆ ಕೂಲಿಯಿಲ್ಲ, ಕೊಟ್ಟರೂ ತೆಗೆದುಕೊಳ್ಳುವಂತಿರಲಿಲ್ಲ. ಕೈಗುಣಕ್ಕೆ ಬೆಲೆ ಕಟ್ಟಬಾರದು ಎಂಬುದು ರೂಢಿ. ವರ್ಷದಲ್ಲಿ ಆ ನಾಲ್ಕೈದು ದಿನ ಮಾತ್ರ ಅತ್ತೆಯ ಮುಖದಲ್ಲಿ ನಾನು ನಗು ಕಾಣುತ್ತಿದ್ದೆ.

ಮೊದಲ ವರ್ಷ ನನ್ನನ್ನು ಬಟ್ಟಲಿನ ಹತ್ತಿರ ಬಿಡಲಿಲ್ಲ. ಎರಡನೆಯ ವರ್ಷ ಬಿತ್ತಿಗೆಯ ಹೊತ್ತಿಗೆ ಮಾವ ಚಳಿಜ್ವರದಿಂದ ಹಾಸಿಗೆ ಹಿಡಿದಿದ್ದರು. ಮಸ್ಕಿಯಿಂದ ತಂದ ಔಷಧ ನಾಟಿರಲಿಲ್ಲ. ಆಳುಗಳು ಸಿಂಧನೂರಿನ ಕಡೆ ಕಾಲುವೆ ಅಗೆತಕ್ಕೆ ಹೋಗಿದ್ದರು. ಮಾವನನ್ನೂ ನೋಡಿಕೊಂಡು ಇಡೀ ಹೊಲವನ್ನೂ ಬಿತ್ತುವುದು ಅತ್ತೆಗೆ ಆಗದ ಮಾತು. "ಬುತ್ತಿ ಉಣ್ಣೋತನ ನಾ ಬಿಡ್ತೀನಿ, ಆಮ್ಯಾಲ ನೀ ಬಿಡು" ಎಂದರು ನನಗೆ. ಅದನ್ನು ಕೇಳಿದ ದೊಡ್ಡವ್ವ ಬಾಗಿಲಲ್ಲೇ ನಕ್ಕರು.

"ಸೀರಿ ಮಡಚೋ ಕೈ ಅದು. ಪ್ಯಾಟಿ ಕೈಗೆ ಕೂರಿಗಿ ಏನು ಗೊತ್ತಾಕ್ಕೈತಿ?"

"ಮಡಚಾಕ ಬರ್ತೈತಿ, ಬಿಚ್ಚಾಕೂ ಬರ್ತೈತ್ರಿ" ಎಂದು ನಾನೂ ಒಂದು ಎಸೆದೆ. ಅದರಲ್ಲಿ ಅರ್ಥವೇನೂ ಇರಲಿಲ್ಲ, ಸುಮ್ಮನಿರಲಾಗದೆ ಆಡಿದ್ದು. ಆ ಸಿಟ್ಟನ್ನು ಹೊಟ್ಟೆಯಲ್ಲಿ ಕಟ್ಟಿಕೊಂಡೇ ಹೊಲಕ್ಕೆ ಹೋದೆ.

ಬುತ್ತಿ ಉಂಡಾದ ಮೇಲೆ ಅತ್ತೆ ಬದುವಿನ ಬನ್ನಿಗಿಡದ ಕೆಳಗೆ ಕೂತರು. ನಾನು ಉಡಿ ಕಟ್ಟಿದೆ. ಮೊದಲ ಸಾಲಿನಲ್ಲೇ ನನ್ನ ಗಂಡ ಎತ್ತು ನಿಲ್ಲಿಸಿ, "ಸಾವಕಾಶ ಬಿಡು, ಭಾಳ ಬೀಳಾಕತ್ತೈತಿ" ಎಂದ. ಎರಡನೆಯದರಲ್ಲಿ ಮತ್ತೆ ನಿಲ್ಲಿಸಿ, "ಈಗ ಕಡಿಮಿ ಆತು" ಎಂದ. ನನ್ನ ಕಿವಿ ಬಿಸಿಯಾದವು. ನಾಲ್ಕನೆಯ ಸಾಲು ರಸ್ತೆಯ ಬದಿಗೇ ಬರುವಂಥದ್ದು. ಹಸಿಮಣ್ಣಿನಲ್ಲಿ ಕೂರಿಗೆ ತಿರುಗುವಾಗ ಒಂದು ತಾಳಿಗೆ ಮಣ್ಣು ಮೆತ್ತಿಕೊಂಡು ಬಾಯಿ ಕಟ್ಟಿತು. ಹಾಗೆ ಕಟ್ಟುವುದು ದಿನಕ್ಕೆ ಹತ್ತು ಸಲ ಆಗುವ ಸಂಗತಿ. ಬಿಡುವವಳು "ನಿಲ್ಲಸ್ರಿ" ಅಂದರೆ ಮುಗಿಯಿತು, ಗಂಡಸು ಕಡ್ಡಿಯಿಂದ ಕೆದಕಿ ಸರಿ ಮಾಡುತ್ತಾನೆ.

ನನಗೆ ಕಂಡಿತು. ಕಾಣಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಮೂರು ತೂತುಗಳಲ್ಲಿ ಎರಡರಲ್ಲಿ ಕಾಳು ಸರಸರ ಇಳಿಯುತ್ತಿತ್ತು, ಮೂರನೆಯದರಲ್ಲಿ ಹಾಗೇ ನಿಂತಿತ್ತು. ಆಗಲೇ ಎರಡು ಸಲ ಎತ್ತು ನಿಂತಿದೆ, ಮೂರನೆಯ ಸಲ ನಾನೇ ನಿಲ್ಲಿಸಬೇಕೇ? ನಿಲ್ಲಿಸಿದರೆ ಮನೆಯಲ್ಲಿ ದೊಡ್ಡವ್ವನಿಗೆ ಹಬ್ಬ. ಒಂದು ಸಾಲು ತಾನೆ, ಯಾರು ನೋಡುತ್ತಾರೆ ಎಂದುಕೊಂಡೆ. ನಿಂತ ಕಾಳನ್ನು ಬೆರಳಿನಿಂದ ಪಕ್ಕದ ತೂತುಗಳಿಗೆ ಸರಿಸುತ್ತ ಹೊಲದ ಆ ತುದಿಯವರೆಗೂ ನಡೆದೆ. ಅಲ್ಲಿ ಕೂರಿಗೆ ಎತ್ತಿ ತಿರುಗಿಸಿದಾಗ ಮೆತ್ತಿದ ಮಣ್ಣು ತಾನಾಗಿ ಉದುರಿತು. ಬಿತ್ತಿ ಮುಗಿದ ಮೇಲೆ ಹೊಡೆದ ಕುಂಟೆ ಎಲ್ಲವನ್ನೂ ಮುಚ್ಚಿ ಸಮ ಮಾಡಿತು.

ಎಂಟು ದಿನ ನನಗೆ ಊಟ ಸೇರಲಿಲ್ಲ. ಜೋಳ ಮೊಳೆತಾಗ ಹೊಲವೆಲ್ಲ ಹಸಿರು ಗೆರೆಗಳು, ರಸ್ತೆಯ ಬದಿಗೆ ಮಾತ್ರ ಒಂದು ಗೆರೆ ಈ ತುದಿಯಿಂದ ಆ ತುದಿಗೆ ಕರ್ರಗೆ ಬಿದ್ದಿತ್ತು. ಸಿಂಧನೂರಿನ ರಸ್ತೆಯಲ್ಲಿ ಬಂಡಿ ಹೊಡೆಯುವವರೆಲ್ಲ ಬಂಡಿ ನಿಧಾನ ಮಾಡಿ ನೋಡಿ ಹೋಗುತ್ತಿದ್ದರು. ಅದೂ ಯಾರ ಹೊಲ? ಊರಿಗೆಲ್ಲ ಮೊದಲ ಮುಷ್ಟಿ ಬಿಡುವವರ ಹೊಲ!

ನಮ್ಮ ಕಡೆ ಒಂದು ನಂಬಿಕೆಯಿತ್ತು. ಬಿತ್ತಿದ ಹೊಲದಲ್ಲಿ ಒಂದು ಪೂರಾ ಸಾಲು ಖಾಲಿ ಬಿದ್ದರೆ ಆ ಮನೆಯಲ್ಲಿ ಒಂದು ಜಾಗ ಖಾಲಿಯಾಗುತ್ತದೆ ಎಂದು. ಮಾವನ ಜ್ವರ ಇಳಿದಿರಲಿಲ್ಲ. ದೊಡ್ಡವ್ವ ಹೊಲಕ್ಕೆ ಹೋಗಿ ನೋಡಿ ಬಂದವರು ನೇರವಾಗಿ ಪಡಸಾಲೆಯಲ್ಲಿ ಕೂತರು. ಒಳಕೋಣೆಯಲ್ಲಿ ಮಾವ ನರಳುವುದು ಕೇಳುತ್ತಿತ್ತು.

"ಯಾರ ಕೈ ಅದು?" ಎಂದರು.

ನನ್ನ ಗಂಡ ತಲೆ ಕೆರೆದುಕೊಂಡ. "ನನಗ ನೆನಪಿಲ್ಲ ದೊಡ್ಡವ್ವ. ನಾ ಎತ್ತಿನ ಕಡೆ ನೋಡಾಕತ್ತಿದ್ದೆ."

"ನಿನಗ ನೆನಪಿಲ್ಲ, ನನಗ ಗೊತ್ತೈತಿ. ಮನಿಯಾಗ ಗಂಡಸು ಹಾಸಿಗಿ ಹಿಡದಾನ, ಇಕಿ ಹೊಲದಾಗ ಗೋರಿ ತೋಡಿ ಬಂದಾಳ. ಸುಗ್ಗಿತನ ತವರಿಗೆ ಕಳಿಸ್ರಿ. ಅವ ಎದ್ದು ಕುಂತರ ಕರಕೊಂಡು ಬರೋಣು."

ಎದ್ದು ಕುಂತರೆ. ಕೂರದಿದ್ದರೆ? ನಮ್ಮ ಓಣಿಯಲ್ಲೇ ಒಬ್ಬ ಸೊಸೆಯನ್ನು ಹೀಗೇ ಒಂದು ಅಪಶಕುನದ ಮಾತಿನ ಮೇಲೆ ಮುದಗಲ್ಲಿನ ತವರಿಗೆ ಕಳಿಸಿದ್ದರು. ಮೂರು ಸುಗ್ಗಿ ಕಳೆದರೂ ಅವಳನ್ನು ಕರೆತರಲು ಯಾರೂ ಹೋಗಿರಲಿಲ್ಲ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಮಾತಿಗೆ ಮಾತು ಕೊಡುವ ನನಗೆ ಅವತ್ತು ಹೌದು ನನ್ನ ಕೈಯೇ ಎನ್ನುವ ಧೈರ್ಯವೂ ಬರಲಿಲ್ಲ, ಅಲ್ಲ ಎನ್ನುವ ಸುಳ್ಳೂ ಬರಲಿಲ್ಲ.

ಅತ್ತೆ ಮೂಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ಮೊರ ಕೆಳಗಿಟ್ಟರು.

"ಅದು ನನ್ನ ಕೈ" ಎಂದರು. "ಬುತ್ತಿ ಉಣ್ಣೋಕ್ಕಿಂತ ಮೊದಲ ಆ ಸಾಲು ನಾನ ಬಿಟ್ಟಿದ್ದು. ಕೈ ನಡಗಾಕತ್ತಾವ. ಯಾರಿಗೂ ಹೇಳಿರಲಿಲ್ಲ."

ತವರಿಗೆ ಕಳಿಸುವ ಮಾತು ಅಲ್ಲಿಗೇ ಬಿದ್ದುಹೋಯಿತು. ಒಳಗೆ ಮಲಗಿದ್ದದ್ದು ಅತ್ತೆಯ ಗಂಡ. ಆ ಅಪಶಕುನವನ್ನು ಅತ್ತೆ ತಮ್ಮ ಕುಂಕುಮದ ಮೇಲೆಯೇ ಎಳೆದುಕೊಂಡಿದ್ದರು. ಅವರು ಮತ್ತೆ ಮೊರ ಎತ್ತಿಕೊಂಡು ಜೋಳ ಕೇರಿದರು. ನನ್ನ ಕಡೆ ನೋಡಲೂ ಇಲ್ಲ.

ಆ ಗಳಿಗೆಯಲ್ಲಿ ನನಗೆ ನಾಚಿಕೆಯಾಯಿತು ಎಂದು ಬರೆದರೆ ಓದುವವರಿಗೆ ನಾನು ಒಳ್ಳೆಯವಳಾಗಿ ಕಂಡೇನು. ಮೊದಲು ಬಂದದ್ದು ನಾಚಿಕೆಯಲ್ಲ, ನಿರಾಳ. ಸದ್ಯ ಬದುಕಿಕೊಂಡೆ ಎಂದುಕೊಂಡೆ. ನಾಚಿಕೆ ಆಮೇಲೆ ಬಂತು, ಬಂದದ್ದು ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ನನ್ನ ಕೈಗೊಂದು ಕೊಡ ಕೊಟ್ಟು ಹೊಲಕ್ಕೆ ಕರೆದುಕೊಂಡು ಹೋದರು. ಅವರು ಕೋಲಿನಿಂದ ಗೇಣಿಗೊಂದು ಕುಳಿ ಮಾಡುವುದು, ನಾನು ಎರಡು ಕಾಳು ಹಾಕಿ ಬೊಗಸೆ ನೀರು ಹೊಯ್ಯುವುದು. ಬಾವಿ ಮೂರು ಹೊಲದಾಚೆ. ಐದು ದಿನ ಹಿಡಿಯಿತು, ನನ್ನ ಹೆಗಲು ಬಾತುಕೊಂಡಿತು. ಎರಡನೆಯ ದಿನ ನಾನು, "ಅತ್ತೀ, ಆ ಸಾಲು..." ಎಂದು ಶುರು ಮಾಡಿದೆ. ಅವರು ತಲೆ ಎತ್ತಿ ಕಾದರು. ಬಹಳ ಹೊತ್ತು ಕಾದರು. ನನಗೆ ಮುಂದಿನ ಮಾತು ಹೊರಡಲಿಲ್ಲ. "ನೀರು ಚೆಲ್ಲಾಕತ್ತೈತಿ, ಕೊಡ ನೆಟ್ಟಗ ಹಿಡಿ" ಎಂದು ಅವರು ಮತ್ತೆ ಬಗ್ಗಿದರು. ಆ ಸಾಲಿನ ಜೋಳ ಎದ್ದಿತು, ಆದರೆ ಉಳಿದದ್ದು ಎದೆಮಟ್ಟ ಬಂದಾಗ ಅದು ಮೊಣಕಾಲಿಗಿತ್ತು. ಕಡೆಯವರೆಗೂ ಗುಂಪಿಗೆ ಸೇರಲೇ ಇಲ್ಲ.

ಮಾವ ಸಾಯಲಿಲ್ಲ. ದೀಪಾವಳಿಯ ಹೊತ್ತಿಗೆ ಎದ್ದು ಕೂತು ಮಜ್ಜಿಗೆ ಹುಳಿಯಾಗಿದೆ ಎಂದು ತಕರಾರು ಮಾಡಿದರು. ಮುಂದೆ ಹತ್ತಾರು ವರ್ಷ ಅದೇ ತಕರಾರು ಮಾಡುತ್ತ ಬದುಕಿದರು. ಹಾಗಾದರೆ ಅಪಶಕುನದ ಮಾತು ಸುಳ್ಳಾಯಿತು ತಾನೆ, ಎಲ್ಲ ಸರಿಹೋಗಬೇಕಿತ್ತು. ಸರಿಹೋಗಲಿಲ್ಲ. ಸಾವಿನ ಮಾತನ್ನು ಜನ ಮರೆತರು, ಪಡಸಾಲೆಯಿಂದ ಊರಿಗೆ ಹಬ್ಬಿದ್ದ ಕೈ ನಡುಗುವ ಮಾತನ್ನು ಮರೆಯಲಿಲ್ಲ.

ಮರುವರ್ಷ ಉತ್ತರಿ ಮಳೆ ಚೆನ್ನಾಗಿ ಬಿತ್ತು. ಅತ್ತೆ ಎಂದಿನಂತೆ ಬೇಗ ಎದ್ದು ಸ್ನಾನ, ಪೂಜೆ ಮುಗಿಸಿ, ಒಗೆದ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತರು. ಓಣಿಯಲ್ಲಿ ಕೂರಿಗೆ ಹೊತ್ತ ಜನ ಹೋದರು, ಎತ್ತು ಹೋದವು. ಪಕ್ಕದ ಹೊಲದ ಮುದುಕರೊಬ್ಬರು, ಪ್ರತಿ ವರ್ಷ ಮೊದಲು ಬರುತ್ತಿದ್ದವರು, ನಮ್ಮ ಮನೆಯ ಮುಂದೆ ಬಂದಾಗ ತಲೆಯ ರುಮಾಲು ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ಆಚೆ ಮಾಡಿದರು. ಬಿಸಿಲು ಕಟ್ಟೆಯವರೆಗೆ ಬಂತು. ಅತ್ತೆ ಎದ್ದು, "ಇವತ್ತ ಬಿಸಲು ಜೋರು ಐತಿ" ಎಂದರು. ಒಳಗೆ ಹೋಗಿ ಹಳೆಯ ಸೀರೆ ಉಟ್ಟು ರೊಟ್ಟಿ ತಟ್ಟಲು ಕೂತರು.

ನಾನು ಹಿತ್ತಲಿಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತ ನಿಂತೆ. ಹೇಳಿಬಿಡಬೇಕು, ಇವತ್ತೇ ಹೇಳಿಬಿಡಬೇಕು ಎಂದುಕೊಂಡೆ. ಸಂಜೆಯಾಯಿತು, ದೊಡ್ಡವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದರು, ನಾಳೆ ಹೇಳೋಣ ಎಂದುಕೊಂಡೆ. ಹಾಗೆ ಎಷ್ಟು ನಾಳೆಗಳು! ತಾಳಿದವರು ಬಾಳಿಯಾರು ಎನ್ನುತ್ತಾರಲ್ಲ, ನಾನೂ ತಾಳಿಕೊಂಡೇ ಇದ್ದೆ. ಊರವರು ನನ್ನನ್ನು ನೋಡಿ, ಈ ಸೊಸೆ ಈಗ ಎಷ್ಟು ಸಮಾಧಾನಿ ಆಗಿದ್ದಾಳೆ ಎನ್ನುತ್ತಿದ್ದರು. ಅದು ಸಮಾಧಾನವಲ್ಲ, ಪುಕ್ಕಲುತನ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಒಳಗಿದ್ದವಳಿಗೆ ಮಾತ್ರ ಗೊತ್ತಿರುತ್ತದೆ.

ಕೈ ನಡುಗುತ್ತದೆ ಎಂದು ಹೇಳಿಯಾದ ಮೇಲೆ ಅತ್ತೆ ನಮ್ಮ ಹೊಲದಲ್ಲೂ ಬಟ್ಟಲು ಮುಟ್ಟುವಂತಿರಲಿಲ್ಲ. ಬಿತ್ತಿಗೆ ನನ್ನ ಪಾಲಿಗೆ ಬಂತು. ಅದಕ್ಕಾಗಿ ಅವರು ನನಗೆ ಕಲಿಸಿದ ಬಗೆ ವಿಚಿತ್ರವಾಗಿತ್ತು. ಬೇಸಿಗೆಯಲ್ಲಿ ಹಿತ್ತಲಿನ ಎರಡು ಕಲ್ಲುಗಳ ಮೇಲೆ ಕೂರಿಗೆ ಎತ್ತಿ ನಿಲ್ಲಿಸಿ, ಮೂರು ಕೊಳವೆಗಳ ಕೆಳಗೆ ಮೂರು ಮೊರ ಇಟ್ಟು, ನನ್ನ ಕೈಯಿಂದ ಜೋಳ ಬಿಡಿಸುತ್ತಿದ್ದರು. ಆಮೇಲೆ ಮೂರೂ ಮೊರಗಳ ಕಾಳನ್ನು ಎಣಿಸಬೇಕು. ಸಮ ಬರುವವರೆಗೆ ಮತ್ತೆ ಬಿಡಬೇಕು. ಮನಸ್ಸು ತಣ್ಣಗಿದ್ದಾಗ ನಾನಾಗಿ ಹೋಗಿ "ಈಗ ಕಲಸ್ರಿ" ಎಂದರೆ, "ಈಗ ಬ್ಯಾಡ, ಸಿಟ್ಟು ಬಂದಾಗ ಬಾ" ಎನ್ನುವರು.

"ಸಿಟ್ಟು ಬಂದಾಗ ಯಾರರ ಕಲೀತಾರೇನ್ರಿ?"

"ತಣ್ಣಗಿದ್ದಾಗ ಎಲ್ಲಾರ ಕೈನೂ ಬರೋಬ್ಬರಿ ಇರ್ತೈತಿ. ಹೊಲದಾಗ ನಿನಗ ಯಾರು ತಣ್ಣಗ ಇಡ್ತಾರ?"

ಹಾಗಾಗಿ ದೊಡ್ಡವ್ವನ ಜೊತೆ ಜಗಳವಾದ ಕೂಡಲೇ ಅತ್ತೆ ನನ್ನ ತೋಳು ಹಿಡಿದು ಹಿತ್ತಲಿಗೆ ಎಳೆದೊಯ್ಯುತ್ತಿದ್ದರು. ಮೂಗಿನಲ್ಲಿ ಹೊಗೆ ಬಿಡುತ್ತ ನಾನು ಕಾಳು ಬಿಡುವುದು. ಮೊರಗಳಲ್ಲಿ ಒಂದರಲ್ಲಿ ರಾಶಿ, ಒಂದರಲ್ಲಿ ನಾಲ್ಕು ಕಾಳು. "ಮತ್ತ ಬಿಡು" ಎನ್ನುವರು, ಅಷ್ಟೇ. ಒಮ್ಮೆ ರೇಗಿ ಉಡಿಯನ್ನೇ ಕೊಡವಿ ಎಲ್ಲ ಕಾಳನ್ನು ನೆಲಕ್ಕೆ ಚೆಲ್ಲಿದೆ. ಅವರು ಕೂತು ಒಂದೊಂದೇ ಕಾಳು ಆಯತೊಡಗಿದರು. ಎಷ್ಟು ಹೊತ್ತು ನಾನು ನಿಂತು ನೋಡಬಲ್ಲೆ? ನಾನೂ ಕೂತು ಆಯ್ದೆ. ಆಯ್ದು ಮುಗಿಯುವಷ್ಟರಲ್ಲಿ ಸಿಟ್ಟು ಎಲ್ಲಿಗೋ ಹೋಗಿತ್ತು. "ಹೂಂ, ಮತ್ತ ಬಿಡು" ಎಂದರು. ಎರಡು ಬೇಸಿಗೆ ಹೀಗೇ ಕಳೆದವು. ಸಿಟ್ಟು ಹೋಯಿತೇ ಎಂದರೆ ಇಲ್ಲ, ಹುಟ್ಟುಗುಣ ಸುಟ್ಟರೂ ಹೋಗದು. ಆದರೆ ಸಿಟ್ಟಿನಲ್ಲೂ ಬೆರಳು ತನ್ನ ಕೆಲಸ ತಾನು ಮಾಡುವುದನ್ನು ಕಲಿಯಿತು.

ಹಾಗೆ ನಮ್ಮ ಹೊಲ ಮತ್ತೆ ಬಾಚಿದ ತಲೆಯಂತಾಯಿತು. ಖಾಲಿ ಸಾಲು ಬಿದ್ದು ಮೂರು ವರ್ಷವಾದ ಮೇಲೆ, ಪಕ್ಕದ ಹೊಲದ ಮುದುಕರು ವೀಳ್ಯದೆಲೆ ಹಿಡಿದು ನಮ್ಮ ಕಟ್ಟೆ ಹತ್ತಿದರು. ಎಲೆಯನ್ನು ಕೊಟ್ಟದ್ದು ನನ್ನ ಕೈಗೆ. ಅತ್ತೆ ಖುಷಿಪಟ್ಟರು, ನಿಜವಾಗಿಯೇ ಖುಷಿಪಟ್ಟರು. ತಮ್ಮ ಪೆಟ್ಟಿಗೆಯಿಂದ ಒಳ್ಳೆಯ ಇಳಕಲ್ ಸೀರೆ ತೆಗೆದು ನನಗೆ ಉಡಿಸಿ ತಾವೂ ಜೊತೆಗೆ ಹೊರಟರು.

ಹೊಲದಲ್ಲಿ ಎತ್ತು ಕಟ್ಟಿ ನಿಲ್ಲಿಸಿದ್ದರು. ಮುದುಕರ ಮನೆಯವರೂ, ಬಿತ್ತಲು ಬಂದಿದ್ದ ಆಚೀಚೆಯ ಹೊಲದವರೂ ಸೇರಿ ಹದಿನೈದು ಜನವಾದರೂ ಇದ್ದರು. ಕೂರಿಗೆಗೆ ಕುಂಕುಮ ಹಚ್ಚಿಯಾಯಿತು. ಮುದುಕರು ಬುಟ್ಟಿಯಲ್ಲಿ ಕಾಳು ತಂದು ನನ್ನ ಮುಂದೆ ಹಿಡಿದು, ಒಳ್ಳೆಯ ಮಾತು ಎಂದುಕೊಂಡೇ ಆಡಿದರು.

"ಅತ್ತಿ ಕೈ ಹೋದ್ರೂ ಸೊಸಿ ಕೈ ಬಂತು ನೋಡ್ರಿ. ಆ ಮನಿ ಪುಣ್ಯ."

ನಾನು ಉಡಿ ಒಡ್ಡಲಿಲ್ಲ.

"ಅತ್ತಿ ಕೈ ಹೋಗಿಲ್ರಿ" ಎಂದೆ. "ಆ ವರ್ಷ ರಸ್ತಿ ಬಾಜೂಕಿನ ಸಾಲು ಬಿಟ್ಟಾಕಿ ನಾನು. ತಾಳು ಕಟ್ಟಿದ್ದು ನನಗ ಕಂಡಿತ್ತು. ಕಂಡೂ ನಿಲ್ಲಿಸಲಿಲ್ಲ. ನನ್ನ ತವರಿಗೆ ಕಳಸಬಾರದು ಅಂತ ಅವರು ತಮ್ಮ ಕೈ ಅಂದ್ರು. ನಾ ಬಾಯಿ ಮುಚಗೊಂಡು ಸುಮ್ಮನಿದ್ದೆ. ಇಷ್ಟು ದಿನಾನೂ ಸುಮ್ಮನಿದ್ದೆ."

ಎತ್ತಿನ ಕೊರಳ ಗಂಟೆ ಒಂದೆರಡು ಸಲ ಅಲ್ಲಾಡಿತು. ಮೂರು ವರ್ಷದಲ್ಲಿ ಮೊದಲ ಸಲ ನನ್ನ ಉಸಿರು ಹೊಟ್ಟೆಯವರೆಗೆ ಹೋಯಿತು. ಮುದುಕರು ನನ್ನನ್ನು ನೋಡಿದರು, ಆಮೇಲೆ ಅತ್ತೆಯನ್ನು ನೋಡಿದರು. ಮುಖ ಕೆಂಪಾಯಿತು. ಬುಟ್ಟಿಯನ್ನು ಹಿಡಿದುಕೊಂಡೇ ಅತ್ತೆಯ ಮುಂದೆ ಹೋಗಿ ನಿಂತು, ರುಮಾಲು ತೆಗೆದು ಹೆಗಲಿಗೆ ಹಾಕಿಕೊಂಡರು.

"ತಪ್ಪಾತ್ರಿ ಯವ್ವಾ. ನಿಮ್ಮ ಕೈಲೇ ಬೀಳ್ಲಿ" ಎಂದರು.

ಅತ್ತೆ ಬುಟ್ಟಿಗೆ ಕೈ ಹಾಕಿ ಒಂದು ಮುಷ್ಟಿ ಕಾಳು ಎತ್ತಿದರು. ಎಲ್ಲರೂ ನೋಡುತ್ತಿದ್ದೆವು. ಮುಷ್ಟಿ ಅಲುಗುತ್ತಿತ್ತು. ಬೆರಳ ಸಂದಿಯಿಂದ ಕಾಳು ಅಲ್ಲಿಷ್ಟು ಇಲ್ಲಿಷ್ಟು ಉದುರಿ ಅವರ ಕಾಲ ಮೇಲೆ ಬಿದ್ದವು. ಅವರು ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡರು. ಆದರೂ ನಿಲ್ಲಲಿಲ್ಲ.

"ಸಂಕ್ರಾಂತಿಯಿಂದ ಖರೇನ ನಡಗಾಕತ್ತೈತ್ರಿ" ಎಂದು ಮುದುಕರಿಗೆ ಹೇಳಿದರು, ಬೇರೆ ಯಾರದೋ ಕೈಯ ವಿಷಯ ಹೇಳುವವರ ಹಾಗೆ.

ಒಂದೇ ಮನೆಯಲ್ಲಿದ್ದು ನಾನು ಅದನ್ನು ಕಂಡಿರಲಿಲ್ಲ. ಆ ವರ್ಷ ರೊಟ್ಟಿ ತಟ್ಟುವ ಕೆಲಸ ನನಗೆ ಬಿಟ್ಟಾಗ, ಸೊಸೆಗೆ ಒಲೆ ವಹಿಸಿದರು ಎಂದು ಹಿಗ್ಗಿದ್ದೆ. ಆ ಕೈ ನೆಟ್ಟಗಿದ್ದ ಕಡೆಯ ಎರಡು ಹಿಂಗಾರಿಯಲ್ಲಿ ಅವರು ಕಟ್ಟೆಯ ಮೇಲೆ ಕೂತು ಬಿಸಿಲು ನೋಡಿದ್ದರು. ಅವನ್ನು ನಾನು ತಿಂದುಹಾಕಿದ್ದೆ, ಯಾವ ಮಾತು ಆಡಿದರೂ ಅವು ತಿರುಗಿ ಬರುವಂತಿರಲಿಲ್ಲ. ಅಷ್ಟು ಜನರ ಮುಂದೆ ನನಗೆ ಅಳು ತಡೆಯಲಾಗಲಿಲ್ಲ.

ಅತ್ತೆ ಹತ್ತಿರ ಬಂದು ತಮ್ಮ ಮುಷ್ಟಿಯಲ್ಲಿ ಉಳಿದಿದ್ದ ಕಾಳನ್ನು ನನ್ನ ಉಡಿಗೆ ಹಾಕಿದರು.

"ನೀ ಹೇಳ್ತಿ ಅಂತ ಗೊತ್ತಿತ್ತು" ಎಂದರು. "ಇಷ್ಟು ತಡ ಮಾಡ್ತಿ ಅಂತ ಗೊತ್ತಿರಲಿಲ್ಲ."